ನಾಲ್ಕರ ಬದಲು ಐದು

ಭಾನುವಾರ, ಮಧ್ಯಾಹ್ನ
ಮಾರ್ಚ್ ೯

ಪ್ರೀತಿಯ ಅಕ್ಕನಿಗೆ ನಿಮ್ಮ ಗಡಿಬಿಡಿಯ ನಮಸ್ಕಾರ.

ಆ ಹೆಸರು ಇಟ್ಟವರು ನೀವೇ. ಕ್ಲಿನಿಕ್ಕಿಗೆ ಸೇರಿದ ಮೊದಲನೇ ದಿನ ಟ್ರೇ ಹಿಡಿದು ಓಡಿ, ಬಾಗಿಲಿಗೆ ಡಿಕ್ಕಿ ಹೊಡೆದು, ಬಾಯಿ ನೋಡುವ ಪುಟ್ಟ ಕನ್ನಡಿಗಳನ್ನೆಲ್ಲ ನೆಲಕ್ಕೆ ಚೆಲ್ಲಿದಾಗ, "ಬಾಮ್ಮಾ ಗಡಿಬಿಡಿ, ನಿನಗೋಸ್ಕರಾನೇ ಕಾಯ್ತಿದ್ವಿ" ಎಂದಿರಿ. ಈಗಲೂ ಅಲ್ಲಿ ಯಾರೂ ನನ್ನನ್ನು ನಿಜವಾದ ಹೆಸರಿನಿಂದ ಕರೆಯುವುದಿಲ್ಲ.

ಹೋದ ತಿಂಗಳ ನಿಮ್ಮ ಕಾಗದ ಬಂತು. ಮಗಳ ಹಾಲುಹಲ್ಲು ಎಷ್ಟು ಬಿದ್ದವು ಎಂದು ಕೇಳಿದ್ದೀರಿ. ನಾಲ್ಕು ಬಿದ್ದಿವೆ, ಐದನೆಯದು ಅಲ್ಲಾಡುತ್ತಿದೆ. ನಮ್ಮವರು ಚೆನ್ನಾಗಿದ್ದಾರೆ. ಮೂರು ವರ್ಷದಿಂದ ವರ್ಷಕ್ಕೆ ಎರಡು ಸಲ ಬರೆಯುತ್ತೀರಿ, ಮನೆಮಂದಿಯನ್ನೆಲ್ಲ ವಿಚಾರಿಸುತ್ತೀರಿ, ಕ್ಲಿನಿಕ್ಕಿನ ಮಾತು ಮಾತ್ರ ಎತ್ತುವುದಿಲ್ಲ. ನೀವು ಎತ್ತುವುದಿಲ್ಲವೆಂದು ನಾನೂ ಎತ್ತುವುದಿಲ್ಲ. ಇವತ್ತು ಎತ್ತುತ್ತೇನೆ. ಫೋನಿನಲ್ಲಿ ಹೇಳಬಹುದಿತ್ತು, ಎರಡು ಸಲ ಫೋನು ಕೈಗೆತ್ತಿಕೊಂಡೆ ಕೂಡ. ನಿಮ್ಮ ‘ಹಲೋ’ ಕೇಳಿದರೆ ನನ್ನ ಬಾಯಿ ಕಟ್ಟಿಹೋಗುತ್ತದೆ. ಅದಕ್ಕೇ ಕಾಗದ.

ಜನವರಿ ಮೊದಲ ವಾರ ಸಾಫ್ಟ್‌ವೇರ್ ಕಂಪನಿಯಿಂದ ಒಬ್ಬ ಹುಡುಗಿಯನ್ನು ಕಳಿಸಿದರು. ನಾವು ಹಲ್ಲಿನ ಚಾರ್ಟು ತುಂಬುತ್ತೇವಲ್ಲ, ಆ ಸಾಫ್ಟ್‌ವೇರ್ ಮಾಡಿದ ಕಂಪನಿ. ಎಲ್ಲ ಕ್ಲಿನಿಕ್ಕುಗಳಿಂದಲೂ ಒಂದೇ ದೂರು ಹೋಗಿತ್ತಂತೆ: ಚಾರ್ಟು ತುಂಬುವುದು ಸಲೀಸು, ತುಂಬಿದ್ದನ್ನು ಬದಲಿಸುವುದು ಪ್ರಾಣಸಂಕಟ. ನಿಮಗೆ ಹೇಳಬೇಕೆ? ಫಿಲ್ಲಿಂಗ್ ಎಂದು ಕೊರೆಯಲು ಶುರುಮಾಡಿದರೆ ಹುಳುಕು ನರದವರೆಗೆ ಹೋಗಿರುತ್ತದೆ. ಕೀಳಬೇಕೆಂದ ಹಲ್ಲನ್ನು ಉಳಿಸಬಹುದು ಎಂದಾಗುತ್ತದೆ, ಉಳಿಸೋಣ ಎಂದದ್ದು ಬೇರಿನ ತನಕ ಬಿರುಕು ಬಿಟ್ಟಿರುತ್ತದೆ. ಬಾಯಿಯೊಳಗಿನ ವಿಷಯದಲ್ಲಿ ಬೆಳಗಿನ ಯೋಚನೆ ಮಧ್ಯಾಹ್ನಕ್ಕೆ ಹಾಗೇ ಉಳಿದರೆ ನಮ್ಮ ಪುಣ್ಯ. ಆ ಸಾಫ್ಟ್‌ವೇರಿಗಾದರೋ ಬೆಳಗ್ಗೆ ಹೇಳಿದ್ದೇ ವೇದವಾಕ್ಯ.

ಹುಡುಗಿಗೆ ಇಪ್ಪತ್ತೆಂಟು ಇರಬಹುದು. ಕುಳ್ಳಗೆ, ದೊಡ್ಡ ಕನ್ನಡಕ, ಕೈಯಲ್ಲಿ ಗೆರೆ ಇಲ್ಲದ ನೋಟ್‌ಬುಕ್ಕು. ಮೂರು ವಾರ ನಿಮ್ಮ ಜೊತೆ ಕೂತು ನೋಡುತ್ತೇನೆ ಎಂದಳು. ಮೂಲೆಯಲ್ಲಿದ್ದ ಚಕ್ರದ ಸ್ಟೂಲನ್ನು ಎಳೆದುಕೊಂಡು ನನ್ನ ಬೆನ್ನ ಹಿಂದೆ ಕೂತವಳು, ನಾನು ಅತ್ತ ಸರಿದರೆ ಅತ್ತ, ಇತ್ತ ಸರಿದರೆ ಇತ್ತ, ಉರುಳಿಕೊಂಡೇ ಬರುತ್ತಿದ್ದಳು. ಮೊದಲ ದಿನವೇ ಅವಳಿಗೆ ‘ಸ್ಟೂಲು ಹುಡುಗಿ’ ಎಂದು ಹೆಸರು ಬಿತ್ತು. ನಾನೇ ಇಟ್ಟಿದ್ದು. ಯಾರಿಂದ ಕಲಿತ ಬುದ್ಧಿ ಎಂದು ನೀವೇ ಹೇಳಿ.

ಅವಳು ತಪಾಸಣೆಗೆ ಬಂದವಳು ಎಂದುಕೊಂಡು ಹಿಂದಿನ ದಿನವೇ ನಾನು ಮೇಜನ್ನೆಲ್ಲ ಒಪ್ಪ ಮಾಡಿದ್ದೆ. ಕಂಪ್ಯೂಟರಿನ ಸುತ್ತ ಅಂಟಿಸಿಕೊಂಡಿದ್ದ ಹಳದಿ ಚೀಟಿಗಳನ್ನೆಲ್ಲ ಕಿತ್ತು ಏಪ್ರನ್ ಜೇಬಿಗೆ ತುರುಕಿದ್ದೆ. ಎರಡನೇ ದಿನ ಅವಳು ಪಾಪದವಳ ಹಾಗೆ ಕೇಳಿದಳು: "ಮೇಡಂ, ಚಿಕಿತ್ಸೆ ಬದಲಾದ್ರೆ ನೀವು ಅದನ್ನ ಎಲ್ಲಿ ಬರ್ಕೋತೀರ? ಕಂಪ್ಯೂಟರ್ ಬಿಟ್ಟು?"

"ಕಂಪ್ಯೂಟರಲ್ಲೇ ಬರ್ಕೋತೀವಿ, ಇನ್ನೆಲ್ಲಿ?" ಎಂದೆ, ಗತ್ತಿನಿಂದ.

ಅವಳು ನನ್ನ ಜೇಬಿನ ಅಂಚಿನಿಂದ ಇಣುಕುತ್ತಿದ್ದ ಹಳದಿ ಮೂಲೆಯನ್ನೇ ನೋಡಿದಳು. ನಾನೂ ನೋಡಿದೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಹೊರಗೆ ತೆಗೆದರೆ ಹದಿನೇಳು ಚೀಟಿ! ‘ಕೆಳಗೆ ಎಡ ಆರು: ಫಿಲ್ಲಿಂಗ್ ಬೇಡ, ಕ್ಯಾಪು.’ ‘ಡ್ರೈವರಣ್ಣನಿಗೆ ಈ ವಾರ ಕೀಳಬೇಡಿ, ಸಕ್ಕರೆ ಜಾಸ್ತಿ.’ ಅವಳು ಅವನ್ನೆಲ್ಲ ಮೇಜಿನ ಮೇಲೆ ಇಸ್ಪೀಟೆಲೆಯ ಹಾಗೆ ಜೋಡಿಸಿ ಒಂದೊಂದನ್ನೂ ಓದಿ, "ನಾವು ಮಾಡಬೇಕಾಗಿದ್ದ ಕೆಲಸ ಇಷ್ಟೂ ನಿಮ್ಮ ಜೇಬಲ್ಲಿತ್ತು" ಎಂದಳು. ಬೈಯುತ್ತಾಳೆ ಎಂದುಕೊಂಡಿದ್ದವಳು ಅವಳಿಗೊಂದು ಚಹಾ ತರಿಸಿದೆ.

ಅವಳ ಕಣ್ಣು ಎಂಥದ್ದು ಗೊತ್ತೇ ಅಕ್ಕಾ? ಒಂದು ದಿನ ಕಸದ ಬುಟ್ಟಿಯ ಪಕ್ಕ ನಿಂತು ಗ್ಲೌಸು ಎಣಿಸುತ್ತಿದ್ದಳು. ನನಗೆ ಅರ್ಥವಾಗಲಿಲ್ಲ. ರೋಗಿಯ ಬಾಯಲ್ಲಿ ಕೈಯಿಟ್ಟಿರುವಾಗ ಡಾಕ್ಟರು ಏನಾದರೂ ಬದಲಾಯಿಸಿದರೆ ನಾವು ಗ್ಲೌಸು ಕಳಚಿ, ಕೈ ತೊಳೆದು, ಮೌಸು ಹಿಡಿದು, ಮತ್ತೆ ಹೊಸ ಗ್ಲೌಸು ಹಾಕಿಕೊಂಡು ಬರಬೇಕಲ್ಲ? ಆ ದಿನ ಬರೀ ಚಾರ್ಟಿಗೋಸ್ಕರ ಹತ್ತೊಂಬತ್ತು ಜೊತೆ ಬುಟ್ಟಿಗೆ ಬಿದ್ದಿದ್ದವು. "ಅದಕ್ಕೇ ನೀವು ಆಮೇಲೆ ಮಾಡೋಣ ಅಂತ ಬಿಡ್ತೀರ. ತಪ್ಪು ನಿಮ್ಮದಲ್ಲ" ಎಂದಳು. ಇಷ್ಟು ವರ್ಷ ನಾನು ಸೋಮಾರಿ ಎಂದುಕೊಂಡಿದ್ದೆ.

ಈಗ ಒಂಬತ್ತನೇ ದಿನದ ವಿಷಯ. ಇದನ್ನು ಬರೆಯುವುದಕ್ಕೇ ಕೂತದ್ದು, ಆದರೆ ನೋಡಿ, ಎರಡು ಪುಟ ಸುತ್ತಿ ಬಳಸಿ ಬಂದೆ.

ಆ ದಿನ ಮಧ್ಯಾಹ್ನ ರೋಗಿಗಳಿರಲಿಲ್ಲ. ಅವಳು ಕೇಳಿದಳು: "ಇಲ್ಲಿ ಯಾವತ್ತಾದ್ರೂ ಒಂದು ಬದಲಾವಣೆ ತಪ್ಪಿಹೋಗಿ ಅನಾಹುತ ಆಗಿದ್ಯಾ?"

ಆಗಿದೆ ಎಂದೆ. ಎಲ್ಲರೂ ಹೇಳುವ ಹಾಗೆಯೇ ಹೇಳಿದೆ. ಮೂರು ವರ್ಷದ ಹಿಂದೆ ಹಲ್ಲಿಗೆ ಕ್ಲಿಪ್ಪು ಹಾಕಿಸಿಕೊಳ್ಳಬೇಕಿದ್ದ ಹೈಸ್ಕೂಲು ಹುಡುಗಿ. ಹಲ್ಲು ಸರಿಯಲು ಜಾಗ ಬೇಕೆಂದು ಮೇಲೆ ಬಲಗಡೆಯ ನಾಲ್ಕನೇ ಹಲ್ಲು ಕೀಳಬೇಕಿತ್ತು. ಆಮೇಲೆ ಕ್ಲಿಪ್ಪಿನ ಡಾಕ್ಟರು ಫೋನು ಮಾಡಿ, ನಾಲ್ಕು ಬೇಡ, ಐದನೆಯದು ಹೇಗೂ ಆಳಕ್ಕೆ ಹುಳುಕಾಗಿದೆ, ಅದನ್ನೇ ಕೀಳಿ ಎಂದರು. ನಮ್ಮ ಹಿರಿಯ ಸಹಾಯಕಿ ಒಬ್ಬರಿದ್ದರು, ಅವರು ಬದಲಾವಣೆ ಹಾಕಿದರು, ಕೊನೆಯ ಗುಂಡಿ ಒತ್ತಲು ಮರೆತರು. ಗಟ್ಟಿಮುಟ್ಟಾದ ನಾಲ್ಕನೇ ಹಲ್ಲು ಹೋಯಿತು, ಹುಳುಕು ಹಲ್ಲು ಉಳಿಯಿತು.

"ಅವರು ಹೇಗೆ ಮಾಡಿದ್ರು ಅಂತ ತೋರಿಸ್ತೀರಾ?" ಎಂದಳು.

ಹಳೆಯ ದಾಖಲೆ ತೆಗೆದೆವು. ನಿಮ್ಮ ಲಾಗಿನ್, ಮಂಗಳವಾರ, ಬೆಳಗ್ಗೆ ಹನ್ನೊಂದು ಇಪ್ಪತ್ತು. ಪ್ರಯೋಗಕ್ಕೆಂದು ಒಂದು ಸುಳ್ಳು ರೋಗಿಯನ್ನು ಸೃಷ್ಟಿಸಿ ಅವಳು ಸ್ಟೂಲು ಹಿಂದಕ್ಕೆಳೆದು ಕೂತಳು. ನಾನು ಮಾಡುತ್ತಾ ಹೇಳುತ್ತಾ ಹೋದೆ. ಅವರು ಮೊದಲು ಈ ಪುಟಕ್ಕೆ ಬಂದು ಐದನೇ ಹಲ್ಲಿಗೆ ಹೊಸ ಸಾಲು ಹಾಕಿದರು. ಆಮೇಲೆ ಇನ್ನೊಂದು ಪುಟಕ್ಕೆ ಹೋಗಿ ನಾಲ್ಕನೆಯದನ್ನು ರದ್ದು ಎಂದು ಗುರುತು ಮಾಡಿದರು. ಆಮೇಲೆ ಹಿಂದೆ ಬಂದರು, ಆಗ ಫೋನು ಬಂತು, ದವಡೆ ಊದಿಕೊಂಡಿದೆ ಎಂದು ಯಾರೋ ಗಂಡಸು ಒಂದೇ ಸಮನೆ ನರಳುತ್ತಿದ್ದರು, ಅವರನ್ನು ಸಮಾಧಾನ ಮಾಡಿ ಸಂಜೆಗೆ ಬರಲು ಹೇಳಿ ತಿರುಗಿ ನೋಡಿದರೆ ಪರದೆಯ ಮೇಲೆ ಐದು ಎಂದೇ ಇತ್ತು, ಸರಿ ಆಯಿತು ಎಂದು ಪುಟ ಮುಚ್ಚಿದರು.

ಹುಡುಗಿ ಮೆಲ್ಲಗೆ ಹೇಳಿದಳು: "ಮೇಡಂ, ನೀವು ‘ಅವರು’ ‘ಅವರು’ ಅಂತಿದ್ದೀರ. ಆದ್ರೆ ಈಗ ಎಡಗೈ ಚಾಚಿ ಫೋನ್ ಎತ್ಕೊಂಡಿದ್ದು ನೀವು."

ನೋಡಿಕೊಂಡೆ. ನನ್ನ ಎಡಗೈ ರಿಸೀವರಿನ ಮೇಲಿತ್ತು.

ಅಕ್ಕಾ, ನಾನು. ಅದನ್ನು ಹಾಕಿದ್ದು ನಾನು. ನೀವು ಆ ಮಂಗಳವಾರ ನಿಮ್ಮ ಅಮ್ಮನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಮಧ್ಯಾಹ್ನದ ಮೇಲೆ ಬಂದಿರಿ. ನನಗೆ ಆಗಿನ್ನೂ ಮೂರನೇ ತಿಂಗಳು, ಕೆಲಸ ಖಾಯಂ ಆಗಿರಲಿಲ್ಲ, ನನ್ನದೇ ಲಾಗಿನ್ ಮಾಡಿಕೊಟ್ಟಿರಲಿಲ್ಲ. ಬಾಗಿಲ ಬಳಿ ಫೋನಿರುವ ಮುಂದಿನ ಮೇಜಿನಲ್ಲಿ ಯಾರು ಕೂತರೂ ನಿಮ್ಮ ಲಾಗಿನ್ನಲ್ಲೇ ಕೆಲಸ ಮಾಡುತ್ತಿದ್ದೆವು.

ಗುರುವಾರ ಹಲ್ಲು ಕೀಳುವಾಗ ರೋಗಿಯ ಕುರ್ಚಿಯ ಪಕ್ಕ ನಿಂತವರು ನೀವು. ಅಲ್ಲಿನ ಪರದೆಯಲ್ಲಿ ನಾಲ್ಕು ಎಂದೇ ಇತ್ತು. ಎಂದಿನ ಹಾಗೆ ಇಂಜೆಕ್ಷನ್ನಿಗೆ ಮೊದಲು ಗಟ್ಟಿಯಾಗಿ ಓದಿದಿರಿ, "ಮೇಲೆ ಬಲ, ನಾಲ್ಕು." ಡಾಕ್ಟರೂ "ನಾಲ್ಕು" ಎಂದರು. ನಿಮ್ಮ ಕ್ರಮದಲ್ಲಿ ಒಂದು ಕೂದಲಿನಷ್ಟೂ ತಪ್ಪಿರಲಿಲ್ಲ.

ಶುಕ್ರವಾರ ಕ್ಲಿಪ್ಪಿನ ಡಾಕ್ಟರ ಫೋನು ಬಂತು. ನಮ್ಮ ಡಾಕ್ಟರು ದಾಖಲೆಯ ಪ್ರತಿ ಹಿಡಿದು ನಿಮ್ಮನ್ನು ಒಳಗೆ ಕರೆದರು. ನಾನು ತೊಳೆದ ಟ್ರೇ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ನೀವು ಕನ್ನಡಕ ಹಾಕಿಕೊಂಡು ಆ ಹಾಳೆಯನ್ನು ತುಂಬ ಹೊತ್ತು ನೋಡಿದಿರಿ. ಆಮೇಲೆ ಕನ್ನಡಕ ತೆಗೆದು, "ನಾನೇ ಸರ್. ಕೊನೇ ಗುಂಡಿ ಒತ್ತೋದು ಮರ್ತುಬಿಟ್ಟೆ" ಎಂದಿರಿ. ನಾನು ಬಾಯಿ ಬಿಡಲಿಲ್ಲ. ಟ್ರೇಯನ್ನು ಕಪಾಟಿನಲ್ಲಿಟ್ಟು ಬಂದೆ.

ಯಾರೂ ನಿಮ್ಮನ್ನು ಹೋಗಿ ಎನ್ನಲಿಲ್ಲ. ಆದರೆ ನೀವು ಓದಿದ ಮೇಲೂ ಡಾಕ್ಟರು ಎದ್ದು ಬಂದು ಪರದೆಯನ್ನು ತಾವೇ ಮತ್ತೊಮ್ಮೆ ನೋಡತೊಡಗಿದರು. ಹತ್ತೊಂಬತ್ತು ವರ್ಷ ನಿಮ್ಮ ದನಿಯನ್ನೇ ನಂಬಿದ್ದವರು. ತಿಂಗಳು ತುಂಬುವ ಮೊದಲೇ ನೀವು ಕಪಾಟಿನ ಬೀಗದ ಕೈ ಮೇಜಿನ ಮೇಲಿಟ್ಟು, ತಮ್ಮನ ಊರಿಗೆ ಹೊರಟಿರಿ. ಮರುವಾರವೇ ನನ್ನನ್ನು ಮುಂದಿನ ಮೇಜಿನಿಂದ ಕುರ್ಚಿಯ ಪಕ್ಕಕ್ಕೆ ಹಾಕಿದರು. ನಿಮ್ಮ ಜಾಗ ಖಾಲಿಯಿತ್ತು, ಅದಕ್ಕೆ ಎಂದುಕೊಂಡೆ.

ಇಷ್ಟು ವರ್ಷ ನನಗೆ ನಾನೇ ಏನು ಹೇಳಿಕೊಂಡೆ ಗೊತ್ತೇ? ಅಕ್ಕ ಆ ಹಾಳೆಯಲ್ಲಿ ಹೆಸರು ನೋಡಿದರು, ಹೊತ್ತು ನೋಡಲಿಲ್ಲ. ದಿನಕ್ಕೆ ಮೂವತ್ತು ಚಾರ್ಟು ಮಾಡುವವರು, ತಾವೇ ಮಾಡಿರಬೇಕು ಎಂದುಕೊಂಡರು. ಅವರಿಗೆ ಗೊತ್ತಿಲ್ಲದ ಮೇಲೆ ಹೇಳಿ ನೋಯಿಸುವುದೇಕೆ. ಎಷ್ಟು ಚೆಂದದ ಸುಳ್ಳು ನೋಡಿ, ನನ್ನ ಹೇಡಿತನಕ್ಕೆ ನಿಮ್ಮ ನೋವಿನ ಹೊದಿಕೆ.

ಆ ಹುಡುಗಿಯ ಮುಂದೆ ಇದನ್ನೆಲ್ಲ ಹೇಳಿ ಅತ್ತೆ. ಮೂರು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟದ್ದು ಒಬ್ಬ ಅಪರಿಚಿತಳ ಮುಂದೆ. ಅವಳು ನೀರು ತಂದುಕೊಟ್ಟಳು. ಸಮಾಧಾನದ ಮಾತು ಆಡಲಿಲ್ಲ. "ಇನ್ನೊಂದು ಸಲ ಮಾಡಿ. ನಾನು ಲೆಕ್ಕ ಹಾಕ್ತೀನಿ" ಎಂದಳು. ಹದಿನಾಲ್ಕು ಹೆಜ್ಜೆ. ಹದಿಮೂರನೆಯದಾದ ಮೇಲೆ ಮುಂದಿನ ಮೇಜಿನ ಪರದೆ ಹೊಸದನ್ನು ತೋರಿಸುತ್ತದೆ. ಹದಿನಾಲ್ಕನೆಯದು ಬೇರೆಯೇ ಪುಟದಲ್ಲಿ, ಕೆಳಗಿನ ಮೂಲೆಯಲ್ಲಿ, ಬೂದು ಬಣ್ಣದ ‘ಖಚಿತಪಡಿಸು’. ಅದನ್ನು ಒತ್ತುವ ತನಕ ಕುರ್ಚಿಯ ಪಕ್ಕದ ಪರದೆ ಹಳೆಯದನ್ನೇ ಹಿಡಿದುಕೊಂಡಿರುತ್ತದೆ. ಬಾಕಿ ಉಳಿದಿದೆ ಎಂದು ಎಲ್ಲಿಯೂ ಒಂದು ಸೂಚನೆ ಇಲ್ಲ.

ಅವಳು ಅದನ್ನೇ ನೋಡುತ್ತಾ, "ಈ ಪುಟ ಮಾಡಿದ್ದು ನಾನು. ಕೆಲಸಕ್ಕೆ ಸೇರಿದ ಹೊಸದ್ರಲ್ಲಿ. ಎರಡು ಕಡೆ ಎರಡು ಥರ ಕಾಣುತ್ತೆ ಅಂತ ನನಗೆ ಹೊಳೀಲೇ ಇಲ್ಲ" ಎಂದಳು.

ಅಷ್ಟೇ. ಅನ್ನ ಸೀದುಹೋಯಿತು ಎನ್ನುವಷ್ಟು ಸರಳವಾಗಿ. ಅವಳ ಮುಖ ಕೆಂಪಾಗಿತ್ತು, ಆದರೆ ತಪ್ಪನ್ನು ಯಾರ ಮೇಲೂ ಹಾಕಲಿಲ್ಲ. ನೋಟ್‌ಬುಕ್ಕಿನಲ್ಲಿ ದಿನಾಂಕ ಬರೆದು ಅದನ್ನೇ ಒಂದು ಸಾಲಾಗಿ ಬರೆದಳು. ಮರುದಿನ ತನ್ನ ಕಚೇರಿಗೆ ಹೋಗಿ ದೊಡ್ಡವರ ಮುಂದೆಯೂ ಅದೇ ಸಾಲು ಓದಿದಳಂತೆ. ನಾನು ಮೂರು ವರ್ಷ ನುಂಗಿಕೊಂಡು ಕೂತದ್ದನ್ನು ಆ ಹುಡುಗಿ ಮೂರು ನಿಮಿಷದಲ್ಲಿ ಹೇಳಿ, ಮುಂದಿನ ಕೆಲಸಕ್ಕೆ ಕೈ ಹಾಕಿದಳು. ನನಗಿಂತ ಹತ್ತು ವರ್ಷ ಚಿಕ್ಕವಳು. ಅವಳನ್ನು ಎಷ್ಟು ಮೆಚ್ಚಿದೆನೋ ಅಷ್ಟೇ ನಾಚಿಕೆಯಾಯಿತು.

ಆಮೇಲೆ ಅವಳು ಕೇಳಿದ್ದು: "ಕಂಪ್ಯೂಟರ್ ಬರೋಕೆ ಮುಂಚೆ ಅಕ್ಕ ಹೇಗೆ ಮಾಡ್ತಿದ್ರು?" ನಾನು ನೋಡಿರಲಿಲ್ಲವಲ್ಲ. ಇಬ್ಬರೂ ಹಿಂದಿನ ಕೋಣೆಗೆ ಹೋಗಿ, ಧೂಳು ಹಿಡಿದ ರಟ್ಟಿನ ಫೈಲುಗಳನ್ನು ಇಳಿಸಿಕೊಂಡೆವು. ಅಕ್ಕಾ, ನಿಮ್ಮ ಅಕ್ಷರ! ಒಂದೊಂದು ಹಲ್ಲಿಗೂ ಒಂದೊಂದು ಚೌಕ. ಮೊದಲು ಯೋಚಿಸಿದ ಚಿಕಿತ್ಸೆ ನೀಲಿಯಲ್ಲಿ. ಬದಲಾದರೆ ಅದರ ಮೇಲೆ ಒಂದೇ ಒಂದು ಕೆಂಪು ಗೆರೆ, ಕೆಳಗಿನ ಅಕ್ಷರ ಓದಲು ಬರುವ ಹಾಗೆ. ಪಕ್ಕದಲ್ಲೇ ಹೊಸದು, ದಿನಾಂಕ, ಎರಡು ಮಾತಿನ ಕಾರಣ. ‘ಬಿರುಕು ಕಂಡಿತು.’ ‘ರೋಗಿ ಬೇಡವೆಂದರು.’ ‘ಎಕ್ಸ್‌ರೇ ನೋಡಿ.’ ಒಂದು ಕಡೆ ‘ಡಾಕ್ಟರ ಮನಸ್ಸು’ ಎಂದಷ್ಟೇ ಇತ್ತು. ಹುಡುಗಿ ನಕ್ಕು ನಕ್ಕು ನೆಲದ ಮೇಲೆಯೇ ಕೂತುಬಿಟ್ಟಳು. ಅಲ್ಲೇ ಕೂತು ಆ ಮಧ್ಯಾಹ್ನವಿಡೀ ನಿಮ್ಮ ಫೈಲು ಓದಿದಳು, ಕಾದಂಬರಿ ಓದುವವರ ಹಾಗೆ. ಚಹಾ ಆರಿಹೋಯಿತು. ಎದ್ದಾಗ ಬಟ್ಟೆಯ ತುಂಬ ಧೂಳು. "ಇವರು ನಮ್ಮ ಕಚೇರೀಲಿ ಇರಬೇಕಿತ್ತು" ಎಂದಳು.

ನಾಲ್ಕು ವಾರದ ಮೇಲೆ ಹೊಸದನ್ನು ತಂದಳು. ಈಗ ಹಲ್ಲಿನ ಚಿತ್ರವನ್ನು ಮುಟ್ಟಿದರೆ ‘ಬದಲಿಸು’ ಎಂದು ಬರುತ್ತದೆ. ಹೊಸ ಚಿಕಿತ್ಸೆ ಮುಟ್ಟಬೇಕು, ಕಾರಣ ಮುಟ್ಟಬೇಕು. ಮುಗಿಯಿತು. ಬೇಕಾದ್ದು ಬೇರೆ ಹಲ್ಲಾದರೆ ಗುರುತನ್ನು ಬೆರಳಿನಿಂದ ಪಕ್ಕದ ಹಲ್ಲಿಗೆ ಎಳೆದುಬಿಟ್ಟರಾಯಿತು. ಹಳೆಯದು ಅಳಿಯುವುದಿಲ್ಲ, ಅದರ ಮೇಲೆ ಒಂದು ತೆಳ್ಳನೆಯ ಕೆಂಪು ಗೆರೆ ಬೀಳುತ್ತದೆ. ಎಲ್ಲ ಪರದೆಗಳಲ್ಲೂ ಆ ಕ್ಷಣವೇ ಬದಲಾಗುತ್ತದೆ. ಕುರ್ಚಿಯ ಪಕ್ಕದ ಪರದೆಯಲ್ಲಿ ದಪ್ಪಕ್ಷರದಲ್ಲಿ ‘ಮೇಲೆ ಬಲ, ನಾಲ್ಕರ ಬದಲು ಐದು’ ಎಂದು ಬಂದು, ಗಟ್ಟಿಯಾಗಿ ಓದಿ ಡಾಕ್ಟರು ಹೂಂ ಎಂದ ಮೇಲೆ ಮುಟ್ಟಿದರೇನೇ ಸುಮ್ಮನಾಗುತ್ತದೆ. ಗ್ಲೌಸು ಕಳಚಬೇಕಾಗಿಯೂ ಇಲ್ಲ. ನಮ್ಮ ಕೈಗೆಟುಕುವ ಕಡೆ ಒಂದು ಸಣ್ಣ ಪರದೆ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಒಬ್ಬೊಬ್ಬ ರೋಗಿಗೂ ಒಂದೊಂದು.

ನಮ್ಮ ಡಾಕ್ಟರು ಬಿಡುತ್ತಾರೆಯೇ? "ಕಾರಣ ಯಾಕಮ್ಮ ಬೇಕು? ಡಾಕ್ಟರು ನಾನು ತಾನೇ?" ಎಂದು ಹುಬ್ಬು ಗಂಟಿಕ್ಕಿದರು.

"ನೀವೇನೂ ಬರೆಯೋದು ಬೇಡ ಸರ್. ಆರು ಕಾರಣ ಅಲ್ಲೇ ಇವೆ, ಒಂದನ್ನ ಮುಟ್ಟಿದ್ರೆ ಸಾಕು" ಎಂದಳು. ಅವರು ಬಗ್ಗಿ ನೋಡಿದರು. ಆರನೆಯದು ‘ಡಾಕ್ಟರ ಮನಸ್ಸು’. "ಇದು ಯಾರ ಮಾತು ಅಂತ ನನಗೆ ಗೊತ್ತು" ಎಂದು ಒಳಗೆ ಹೋದರು. ನಗುತ್ತಿದ್ದರೋ ಏನೋ, ನನಗೆ ಬೆನ್ನು ಮಾತ್ರ ಕಂಡಿತು.

ಹೋದ ವಾರ ಅದಕ್ಕೆ ನಿಜವಾದ ಪರೀಕ್ಷೆ. ಮೂಲೆಯಂಗಡಿಯ ದರ್ಜಿಯವರು ಕೆಳಗಿನ ದವಡೆ ಹಲ್ಲಿಗೆ ಫಿಲ್ಲಿಂಗ್ ಎಂದು ಬಂದರು. ಕೊರೆದರೆ ಹುಳುಕು ನರಕ್ಕೇ ಮುಟ್ಟಿತ್ತು. "ರೂಟ್ ಕೆನಾಲ್" ಎಂದರು ಡಾಕ್ಟರು. ಮುಟ್ಟಿದೆ. ಐದು ನಿಮಿಷಕ್ಕೆ, "ಛೆ, ಬಿರುಕಿದೆ, ಕೀಳ್ಬೇಕು" ಎಂದರು. ಮುಟ್ಟಿದೆ. ಆಗ ದರ್ಜಿಯವರು ಬಾಯಿ ಅರ್ಧ ಮರಗಟ್ಟಿದ್ದರೂ ಕೈಯೆತ್ತಿ, ತಾವು ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವುದಾಗಿ ತೊದಲಿದರು. ಮೊದಲೇ ಕೇಳಿದಾಗ ಹೇಳಿರಲಿಲ್ಲ, ಮಹಾನುಭಾವರು! ಹಾಗಾದರೆ ಇವತ್ತು ಕೀಳುವ ಹಾಗಿಲ್ಲ, ಮದ್ದು ತುಂಬಿ ಕಳಿಸಿ, ಅವರ ಡಾಕ್ಟರನ್ನು ಕೇಳಿ ಆಮೇಲೆ. ಮೂರನೇ ಸಲ ಮುಟ್ಟಿ, ಗಟ್ಟಿಯಾಗಿ ಓದಿದೆ: "ಕೆಳಗೆ ಬಲ ಏಳು, ಕೀಳೋದರ ಬದಲು ಮದ್ದು." ಡಾಕ್ಟರು "ಮದ್ದು" ಎಂದವರು ನನ್ನ ಕಡೆ ತಿರುಗಿ, "ಅಷ್ಟೂ ಹಾಕಿಯಾಯ್ತಾ?" ಎಂದು ಕೇಳಿದರು.

"ಆಯ್ತು ಸರ್."

"ಇಷ್ಟೇನಾ?"

"ಇಷ್ಟೇ ಸರ್."

ಹಿಂದೆ ಕೂತಿದ್ದ ಸ್ಟೂಲು ಹುಡುಗಿ ನೋಟ್‌ಬುಕ್ಕು ಮುಚ್ಚಿ ಎದೆಗೆ ಅವುಚಿಕೊಂಡಳು. ಅಷ್ಟು ಸಂತೋಷದ ಮುಖವನ್ನು ನಾನು ಇತ್ತೀಚೆಗೆ ನೋಡಿರಲಿಲ್ಲ. ಹಳೆಯದರಲ್ಲಾಗಿದ್ದರೆ ನಲವತ್ತೆರಡು ಹೆಜ್ಜೆ, ಮೂರು ಜೊತೆ ಗ್ಲೌಸು, ಮತ್ತು ದೇವರೇ ಗತಿ.

ಆ ಹೈಸ್ಕೂಲು ಹುಡುಗಿಯ ವಿಷಯ ನಿಮ್ಮ ಮನಸ್ಸಿನಲ್ಲಿ ಇದ್ದೇ ಇರುತ್ತದೆ, ಬಾಯಿಬಿಟ್ಟು ಕೇಳುವವರಲ್ಲ ನೀವು. ಐದನೇ ಹಲ್ಲಿಗೆ ರೂಟ್ ಕೆನಾಲ್ ಮಾಡಿ ಕ್ಯಾಪು ಹಾಕಿ ಉಳಿಸಿಕೊಂಡರು. ಕ್ಲಿಪ್ಪು ಒಂದು ವರ್ಷ ಹೆಚ್ಚು ಇತ್ತು. ಡಿಸೆಂಬರಿನಲ್ಲಿ ಬಿಚ್ಚಿದರು. ಈಗ ಕಾಲೇಜು. ಸಾಲು ಚೆನ್ನಾಗಿ ಬಂದಿದೆ, ನಗುತ್ತಾಳೆ. ಹೋದ ಹಲ್ಲು ಹೋಯಿತು, ಅದನ್ನು ನಾನು ಅಲಂಕಾರ ಮಾಡಿ ಹೇಳುವುದಿಲ್ಲ. ಅವಳ ತಾಯಿ ಈಗಲೂ ನನ್ನನ್ನು ನೋಡಿದರೆ, "ಆ ಮೇಡಂ ಈಗ ಎಲ್ಲಿದ್ದಾರೆ?" ಎಂದು ನಿಮ್ಮನ್ನೇ ವಿಚಾರಿಸುತ್ತಾರೆ, ಬಿಗಿದ ಮುಖದಲ್ಲಿ. ಪ್ರತಿ ಸಲವೂ ನಾನು ಗೊತ್ತಿಲ್ಲ ಎಂದಿದ್ದೇನೆ.

ಡಾಕ್ಟರಿಗೆ ಇನ್ನೂ ಹೇಳಿಲ್ಲ. ಮೊದಲು ನಿಮಗೆ ಹೇಳಬೇಕು ಎನ್ನಿಸಿತು. ಇದೂ ಒಂದು ನೆಪವೋ ಏನೋ, ನನ್ನ ನೆಪಗಳನ್ನು ನಾನೇ ನಂಬುವುದಿಲ್ಲ ಈಗ. ಕ್ಷಮಿಸಿ ಎಂದು ಕೇಳುವುದಕ್ಕೆ ಮುಖವಿಲ್ಲ. ಬೈದು ಒಂದು ಕಾಗದ ಬರೆಯಿರಿ, ಸಾಕು. ನಿಮ್ಮ ಆ ಒಂದೇ ಗೆರೆ ಈಗ ಎಷ್ಟೋ ಕ್ಲಿನಿಕ್ಕುಗಳಲ್ಲಿ ಎಷ್ಟೋ ಹಲ್ಲುಗಳ ಮೇಲೆ ಬೀಳುತ್ತಿದೆ, ಅದನ್ನು ಹಾಕಲು ಕಲಿಸಿದವರು ಇಂಥವರು ಎಂದು ಆ ಹುಡುಗಿ ತನ್ನ ವರದಿಯಲ್ಲಿ ಬರೆದಿದ್ದಾಳೆ. ಅದರ ಒಂದು ಪ್ರತಿಯನ್ನು ಇದರೊಟ್ಟಿಗೆ ಇಟ್ಟಿದ್ದೇನೆ. ಮೂರನೇ ಪುಟ ನೋಡಿ.

ಮೈ ಕೈ ನೋವು ಹೇಗಿದೆ? ಕನ್ನಡಕದ ನಂಬರು ತೋರಿಸಿಕೊಂಡಿರಾ?

ನಿಮ್ಮ
ಗಡಿಬಿಡಿ

ಮರೆತ ಮಾತು, ಗುರುವಾರ, ಮಾರ್ಚ್ ೧೩:

ಈ ಕಾಗದ ನಾಲ್ಕು ದಿನ ನನ್ನ ಚೀಲದಲ್ಲೇ ಇತ್ತು, ಅಂಚೆಗೆ ಹಾಕಲಿಲ್ಲ. ಇವತ್ತು ಬೆಳಗ್ಗೆ, ಕುರ್ಚಿ ಒರೆಸುತ್ತಿದ್ದಾಗ ಡಾಕ್ಟರು ಒಳಗೆ ಬಂದರು. ಯೋಚನೆ ಮಾಡಿದರೆ ಆಗುವುದಿಲ್ಲವೆಂದು ಕೈಯಲ್ಲಿ ಬಟ್ಟೆ ಹಿಡಿದುಕೊಂಡೇ ಹೇಳಿಬಿಟ್ಟೆ. "ಸರ್, ಆ ನಾಲ್ಕನೇ ಹಲ್ಲಿನ ಬದಲಾವಣೆ ಹಾಕಿದ್ದು ಅಕ್ಕ ಅಲ್ಲ, ನಾನು."

ಅವರು ರೋಗಿಯ ಕುರ್ಚಿಯಲ್ಲೇ ಕೂತುಬಿಟ್ಟರು. ಅಲ್ಲಿಂದಲೇ ಹೇಳಿದರು: "ಹೋಗೋ ದಿನ ಅವರು ನನ್ನ ಹತ್ರ ಒಂದೇ ಒಂದು ಕೇಳ್ಕೊಂಡ್ರು. ‘ಆ ಹುಡುಗೀನ ಫೋನ್ ಇರೋ ಮೇಜಿಗೆ ಕೂರಿಸ್ಬೇಡಿ ಸರ್. ಎರಡು ಕೆಲಸ ಒಟ್ಟಿಗೆ ಬಂದ್ರೆ ಗಾಬರಿ ಆಗ್ತಾಳೆ. ಕುರ್ಚಿ ಪಕ್ಕ ನಿಲ್ಲಿಸಿ, ಕೈ ತುಂಬ ಚೆನ್ನಾಗಿದೆ’ ಅಂತ. ಯಾಕೆ ಹಾಗಂದ್ರು ಅಂತ ನನಗೆ ಇವತ್ತು ಗೊತ್ತಾಯ್ತು." ಆಮೇಲೆ ನಿಮ್ಮ ವಿಳಾಸ ಕೇಳಿದರು. ನಿಮ್ಮನ್ನು ಕೇಳದೆ ಕೊಡುವುದಿಲ್ಲ ಎಂದೆ. ಆ ಹೈಸ್ಕೂಲು ಹುಡುಗಿಯ ತಾಯಿಗೆ ಈಗಲೇ ಫೋನು ಮಾಡಿ ನಿಜ ಹೇಳು ಎಂದರು, ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು ಫೋನಿಟ್ಟರು.

ಹಾಗಾದರೆ ನೀವು ಆ ಹಾಳೆಯಲ್ಲಿ ಹೊತ್ತನ್ನೂ ನೋಡಿದ್ದಿರಿ. ಮೂರು ವರ್ಷ ನಾನು ನಿಮ್ಮಿಂದ ಬಚ್ಚಿಟ್ಟದ್ದು ನಿಮಗೆ ಗೊತ್ತಿದ್ದದ್ದನ್ನೇ. ಮುಂದಿನ ವಾರದ ಭಾನುವಾರ ಬೆಳಗಿನ ಬಸ್ಸಿಗೆ ಮಗಳನ್ನು ಕರೆದುಕೊಂಡು ಬರುತ್ತಿದ್ದೇನೆ. ಬೇಡ ಎಂದು ಬರೆಯಬೇಡಿ ಅಕ್ಕಾ, ಬರೆದರೂ ಬರುತ್ತೇನೆ.